ಒಡೆಯದ ಕಲ್ಲು

ಸಂಗನಕಲ್ಲು ಗುಡ್ಡದ ಕರಿಬಂಡೆಗೆ ಹೊಡೆಯಲು ದುಂಡುಗಲ್ಲು ಎತ್ತಿದ ಹುಲಿಗೆಮ್ಮ, ಕಣ್ಣು ಮುಚ್ಚಿ ಮುಖ ಅತ್ತ ತಿರುಗಿಸಿದಳು. ಕ್ವಾರಿಯಲ್ಲಿ ಜಲ್ಲಿ ಒಡೆಯುವಾಗ ಚೂರು ಕಣ್ಣಿಗೆ ಸಿಡಿಯದಿರಲೆಂದು ಅವ್ವ ಕಲಿಸಿದ ರೂಢಿ ಅದು. ಕ್ವಾರಿ ಮಕ್ಕಳಿಗಾಗಿ ಟ್ರಸ್ಟೊಂದು ನಡೆಸುವ ಹಾಸ್ಟೆಲಿಗೆ ಬಂದು ಶಾಲೆ ಸೇರಿದರೂ ಬಿಟ್ಟಿರಲಿಲ್ಲ.

“ಒಡಿಯಾಕಲ್ಲವ್ವಾ, ಬಾರಿಸಾಕ,” ಎಂದರು ಹಾಸ್ಟೆಲಿನ ಹುಡುಗಿಯರಿಗೆ ಗುಡ್ಡ ತೋರಿಸಲು ಕರೆತಂದಿದ್ದ ಶಬನಂ ಟೀಚರ್.

“ಒಡದ್ರ ಬೈತೀರೇನ್ರಿ?”

“ಇಲ್ಲವ್ವಾ. ಮೆಲ್ಲಕ ಬಾರಿಸು.”

ಬಾರಿಸಿದಳು. ಚೂರು ಸಿಡಿಯಲಿಲ್ಲ. ಬಂಡೆಯೊಳಗೆ ಯಾರೋ ಕಂಚಿನ ಗಂಟೆ ತೂಗಿದಂತೆ ನಾದವೊಂದು ಎದ್ದು, ಅವಳ ಅಂಗೈಯಿಂದ ಮೊಳಕೈಗೆ, ಮೊಳಕೈಯಿಂದ ಎದೆಗೆ ಹರಿದು, ಇಡೀ ಗುಡ್ಡವನ್ನೇ ಗಾಳಿಯಲ್ಲಿ ತೇಲಿಸಿದಂತಾಯಿತು. ಜೊತೆಯ ಹುಡುಗಿಯರು ಬಂಡೆಯ ಸುತ್ತ ಮುತ್ತಿಕೊಂಡರು.

“ಟೀಚರ್, ಕಲ್ಲು ಹಾಡಾಕತ್ತೈತ್ರಿ!” ಎಂದು ಅವರಲ್ಲೊಬ್ಬಳು ಕೂಗಿದಳು.

ಹುಲಿಗೆಮ್ಮ ಮತ್ತೆ ಕೈಯೆತ್ತಿದಳು. ಈ ಸಲ ಮುಖ ತಿರುಗಿಸಲಿಲ್ಲ.