ದರ್ಜಿಯಮ್ಮನ ಬಲಗೈ

"ಸೂಜಿ ಚುಚ್ಚಿದಾಗ ಮೆದುಳಿನ ಅಲೆಯೇನೋ ಎದ್ದಿದೆ. ಆದ್ರೆ ಕೈಗೆ ಸ್ಪರ್ಶ ಬರೋದು ಕಷ್ಟ, ಆಸೆ ಇಟ್ಕೋಬೇಡಿ," ಎಂದು ಡಾಕ್ಟರು ಪರದೆ ನೋಡುತ್ತ ಮಗಳಿಗೆ ಹೇಳಿದರು. ತಲೆಗೆ ತಂತಿಯ ಟೋಪಿ ತೊಟ್ಟು, ಹೇಳಿದಂತೆ ಕಣ್ಣು ಮುಚ್ಚಿ ಮಲಗಿದ್ದ ದರ್ಜಿಯಮ್ಮ ಅಲ್ಲಿ ಇಲ್ಲವೇ ಇಲ್ಲವೇನೋ ಎಂಬಂತೆ.

ಲಕ್ವ ಹೊಡೆದ ಬಲಗೈಯಿಂದ ನರ್ಸ್ ಸೂಜಿಗಳನ್ನು ಕಿತ್ತು ಡಬ್ಬಿಗೆ ಹಾಕಿದಳು. ಮಗಳು ಅಮ್ಮನ ಅಂಗಿಯ ತೋಳು ಇಳಿಸುತ್ತ, "ಹೊಲಿಗೆ ಮಷೀನು ಯಾರಿಗಾದ್ರೂ ಕೊಟ್ಬಿಡೋಣಮ್ಮ," ಎಂದಳು.

"ಮುಟ್ಟಿ ನೋಡು, ಗೊತ್ತಾಗುತ್ತೆ!" ದರ್ಜಿಯಮ್ಮನ ನಾಲಿಗೆ ತೊದಲಿತು, ಗದರಿಕೆ ತೊದಲಲಿಲ್ಲ. ಆಮೇಲೆ ನರ್ಸ್ ಕಡೆ ತಿರುಗಿದಳು. "ನಾನು ಯಾವತ್ತೂ ಬಟ್ಟೇಲಿ ಸೂಜಿ ಬಿಟ್ಟು ಕೊಟ್ಟೋಳಲ್ಲ. ನೀವು ಕೈಯಲ್ಲೇ ಒಂದು ಬಿಟ್ಟಿದೀರಲ್ರೀ!"

ನರ್ಸ್ ಅಂಗಿಯ ತೋಳು ಮೇಲೆ ಸರಿಸಿದರೆ, ಮೊಣಕೈ ಹಿಂದೆ ಸೂಜಿ ನೆಟ್ಟಗೆ ನಿಂತಿತ್ತು. "ಸೂಜಿ ಎಣಿಸ್ಕೊಂಡಿದ್ರಾ?" ಎಂದರು ಡಾಕ್ಟರು.

"ಕಣ್ಣು ಮುಚ್ಚಿಸಿದೋರು ನೀವೇ ಅಲ್ವಾ? ಚುಚ್ತಿದೆ ಕಣ್ರೀ!"