ಏಳೆಂಟ್ಲ ಐವತ್ತನಾಲ್ಕು

ಮಗಳ ಹಾಳೆಯ ಮೂರನೇ ಲೆಕ್ಕದ ಮೇಲೆ ಅಪ್ಪನ ಕೆಂಪು ಪೆನ್ನು ನಿಂತುಬಿಟ್ಟಿತು. ಏಳೆಂಟ್ಲ ಐವತ್ತನಾಲ್ಕು ಎಂದು ಬರೆದಿದ್ದಳು. ನಿನ್ನೆಯೂ ಅದೇ ತಪ್ಪು, ಮೊನ್ನೆಯೂ ಅದೇ. ನೀರು ಕುಡಿದಷ್ಟು ಸಲೀಸಾಗಿ ಮಗ್ಗಿ ಒಪ್ಪಿಸುವ ಹುಡುಗಿ!

“ಕ್ರಿಸ್‌ಮಸ್ ರಜೆ ಶುರುವಾಗಿ ನಾಲ್ಕು ದಿನ ಆಯ್ತಲ್ಲೇ ಪುಟ್ಟಿ. ಬೀದಿ ಮಕ್ಕಳೆಲ್ಲ ಆಡ್ತಿದ್ದಾರೆ. ನೀನು ಇನ್ನೂ ಇದೊಂದೇ ಪಾಠ ಹಿಡ್ಕೊಂಡು ಕೂತಿದ್ದೀಯಲ್ಲ?”

“ಎಲ್ಲಾ ಸರಿ ಆಗೋವರೆಗೂ ಪುಟ ತಿರುಗಿಸೋ ಹಾಗಿಲ್ಲ ಅಂತ ಅಮ್ಮಾನೇ ಹೇಳಿದ್ದಲ್ವಾ?” ತಲೆ ಎತ್ತದೆಯೇ ಅಂದಳು ಮಗಳು.

ಆ ಮನೆಯಲ್ಲಿ ಊಟದ ಮೇಜೇ ಶಾಲೆ, ಅಮ್ಮನೇ ಟೀಚರು. ಹಾಸಿಗೆ ಹಿಡಿದ ಮೇಲೂ ದಿಂಬಿಗೊರಗಿ ಒಂದು ದಪ್ಪ ಪುಸ್ತಕದಲ್ಲಿ ಪಾಠ ಬರೆದಿಟ್ಟಿದ್ದಳು. ಪ್ರತಿ ಪುಟದ ಮೇಲ್ಗಡೆ ಬೈಬಲಿನದೊಂದು ವಾಕ್ಯ, ಕೆಳಗೆ ಲೆಕ್ಕ. ಅವಳು ತೀರಿಕೊಂಡ ಮೇಲೆ ತಿದ್ದುವ ಕೆಲಸ ಅಪ್ಪನ ಪಾಲಿಗೆ ಬಂತು. ಟೈಲ್ಸ್ ಕೂರಿಸುವ ಒರಟು ಕೈಗೆ ಪೆನ್ನು ಇನ್ನೂ ಒಗ್ಗಿರಲಿಲ್ಲ.

ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಐವತ್ತನಾಲ್ಕರ ಅಡಿಯಲ್ಲಿ ರಬ್ಬರಿನಿಂದ ಉಜ್ಜಿದ ಗುರುತು. ಮೊದಲು ಬರೆದದ್ದು ಐವತ್ತಾರು. ಪಕ್ಕದಲ್ಲಿ ತೆರೆದಿದ್ದ ಅಮ್ಮನ ಪುಸ್ತಕದ ಪುಟವನ್ನು ಮೆಲ್ಲಗೆ ಎತ್ತಿ ನೋಡಿದ. ಮುಂದಿನ ಪುಟ ಖಾಲಿ. ಅದರ ಮುಂದಿನದೂ ಖಾಲಿ. ಅವಳ ಕೈಬರಹ ಅಲ್ಲಿಗೇ ಮುಗಿದಿತ್ತು.

ಪುಟವನ್ನು ಇದ್ದ ಹಾಗೇ ಮಲಗಿಸಿದ. ಐವತ್ತನಾಲ್ಕರ ಮೇಲೆ ದೊಡ್ಡದಾಗಿ ತಪ್ಪು ಗುರುತು ಹಾಕಿದ.

“ತಪ್ಪಾಗಿದೆ ಕಂದ. ನಾಳೆ ಇನ್ನೊಂದ್ಸಲ ಮಾಡು.”