ಎದೆಪಟ್ಟಿಯ ಖಾಲಿ ಜಾಗ

ಹಿಂದಿನ ಕಾಲದ ಜರ್ಮನ್ ಸೈನಿಕನೊಬ್ಬನ ಐದು ಪದಕಗಳನ್ನು ಸಾಲಾಗಿ ಹೊಲಿದ ಎದೆಪಟ್ಟಿ, ಹಳೆಯ ಪದಕಗಳನ್ನು ಸಂಗ್ರಹಿಸುವ ಜಯದೇವಪ್ಪನವರಿಗೆ ಸಿಕ್ಕಿದಾಗಿನಿಂದ ಅದೇ ಹವ್ಯಾಸದ ಗೆಳೆಯ ಶ್ರೀಕಂಠಯ್ಯನವರ ಹೊಟ್ಟೆಗೆ ಬೆಂಕಿ ಬಿದ್ದಿತ್ತು. ಅದರಲ್ಲಿ ಬೆಳ್ಳಿಯದೊಂದು ಮಾತ್ರ ಕಳೆದುಹೋಗಿತ್ತು. ಅಂಥದೇ ಪದಕ ಹರಾಜಿಗೆ ಬಂದಾಗ, ಗೆಳೆಯನಿಗೆ ದಕ್ಕದಿರಲೆಂದೇ ಶ್ರೀಕಂಠಯ್ಯ ಹೆಚ್ಚು ಬೆಲೆ ಕೂಗಿ ಕೊಂಡಿದ್ದರು.

ವರ್ಷದ ಮೇಲೆ ಜಯದೇವಪ್ಪ ಎದೆಪಟ್ಟಿ ಹಿಡಿದು ಮನೆಗೆ ಬಂದರು. ಶ್ರೀಕಂಠಯ್ಯ ಕಾಫಿ ತರಿಸಿ, ಹೊಸ ಬೆಳ್ಳಿ ಚಮಚವನ್ನು ತಾವೇ ಲೋಟದ ಪಕ್ಕ ಇಟ್ಟು, ಒಳಗೊಳಗೇ ನಕ್ಕರು.

“ಇನ್ನೂ ಹುಡುಕ್ತಾನೇ ಇದ್ದೀರಾ?”

“ಇಲ್ಲ ಸ್ವಾಮಿ. ಆ ಪದಕ ನಿಮ್ಮ ಹತ್ರಾನೇ ಇದೆ ಅಂತ ಗೊತ್ತಾಯ್ತು. ಈ ಪಟ್ಟಿ ನೀವೇ ಇಟ್ಕೊಳ್ಳಿ. ಯಾರ ಮನೇಲಿದ್ರೇನು, ಪೂರ್ತಿಯಾದ್ರೆ ಸಾಕು. ಎಲ್ಲಿ, ಪದಕ ತನ್ನಿ, ನಾನೇ ಹೊಲಿದು ಕೊಡ್ತೀನಿ.”

ಹಾಗೆನ್ನುತ್ತ ಜಯದೇವಪ್ಪ, ಶ್ರೀಕಂಠಯ್ಯ ಆ ಪದಕವನ್ನೇ ಕರಗಿಸಿ ಮಾಡಿಸಿದ್ದ ಚಮಚದಿಂದ ಕಾಫಿಯ ಸಕ್ಕರೆ ಕದಡುತ್ತಿದ್ದರು.